ಕ್ಯಾಲಿಫೋರ್ನಿಯಾ ಹೊಲಗಳ ವಲಸೆ ಕೂಲಿಕಾರರು: ಹಳೆಯ ಫೋಟೊ ಹುಡುಕುವುದು, ಓದುವುದು ಹೇಗೆ?

1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿದ ಮೆಕ್ಸಿಕನ್, ಫಿಲಿಪಿನೋ ಕೂಲಿಕಾರರ ಫೋಟೊ ಬೇಕಿದ್ದರೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಎಫ್‌ಎಸ್‌ಎ (ಫಾರ್ಮ್ ಸೆಕ್ಯೂರಿಟಿ ಅಡ್ಮಿನಿಸ್ಟ್ರೇಶನ್, ಬಡ ರೈತರಿಗೆ ನೆರವಾಗುತ್ತಿದ್ದ ಸರ್ಕಾರಿ ಸಂಸ್ಥೆ) ಸಂಗ್ರಹದಿಂದ ಶುರುಮಾಡಿ. ಡೊರೊಥಿಯಾ ಲ್ಯಾಂಗ್, ರಸೆಲ್ ಲೀ ಮೊದಲಾದವರು 1935ರಿಂದ 1944ರವರೆಗೆ ಅಮೆರಿಕ ಸರ್ಕಾರಕ್ಕಾಗಿ ತೆಗೆದ ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳು ಅಲ್ಲಿವೆ.

ಬರೀ ‘ಮೈಗ್ರೆಂಟ್’ ಎಂದು ಹುಡುಕಿದರೆ ಒಕ್ಲಹೋಮಾ ಕಡೆಯಿಂದ ಬಂದ ಬಿಳಿಯ ಕುಟುಂಬಗಳೇ ಪರದೆ ತುಂಬುತ್ತವೆ. ಊರು, ಬೆಳೆ, ಸಮುದಾಯ ಮೂರನ್ನೂ ಇಂಗ್ಲಿಷಿನಲ್ಲಿ ಕೊಡಿ: ಸಲಿನಾಸ್, ಲೆಟಿಸ್, ಫಿಲಿಪಿನೋ. ಏನೂ ಸಿಗದಿದ್ದರೆ ಬೆಳೆಯ ಹೆಸರು ತೆಗೆದು ನೋಡಿ.

ಚಿತ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ನೆಗೆಟಿವ್ ಸಂಖ್ಯೆ ಬರೆದಿಟ್ಟುಕೊಳ್ಳಿ. ‘ಎಲ್‌ಸಿ-ಯುಎಸ್‌ಎಫ್33’ ಎಂದಿದ್ದರೆ 35 ಮಿಮೀ ಫಿಲ್ಮ್, ‘34’ ಎಂದಿದ್ದರೆ ಅದಕ್ಕಿಂತ ದೊಡ್ಡದು. ಆಮೇಲೆ ಅಕ್ಕಪಕ್ಕದ ಸಂಖ್ಯೆಗಳನ್ನು ತೆರೆಯಿರಿ. ಒಂದರಲ್ಲಿ ಮುಖವಷ್ಟೇ ಇದ್ದರೆ ಇನ್ನೊಂದರಲ್ಲಿ ಬಿಡಾರ, ತೂಕದ ಜಾಗ, ಮೇಸ್ತ್ರಿ ಕಂಡಾರು. ಆದರೆ ಸಂಖ್ಯೆಯ ಕ್ರಮವೇ ಕ್ಲಿಕ್ಕಿಸಿದ ಕ್ರಮ ಎಂದುಕೊಳ್ಳಬೇಡಿ.

ಹೆಚ್ಚಿನವರು ಎಡವುವುದು ಅಡಿಬರಹದಲ್ಲಿ. ಶೀರ್ಷಿಕೆಯಿಲ್ಲದ ನೆಗೆಟಿವ್‌ಗಳಿಗೆ ‘ಇದಕ್ಕೆ ಸಂಬಂಧಿಸಿರಬಹುದು’ ಎಂಬ ಸೂಚನೆಯೊಂದಿಗೆ ನೆರೆಯ ಚಿತ್ರದ ಅಡಿಬರಹವನ್ನು ಗ್ರಂಥಾಲಯ ಕೊಟ್ಟಿರುತ್ತದೆ. ಆ ಸೂಚನೆ ಬಿಟ್ಟು ಉಳಿದದ್ದನ್ನು ನಕಲು ಮಾಡಿದರೆ ಊಹೆಯೇ ದಾಖಲೆಯಾಗಿಬಿಡುತ್ತದೆ. ‘ಮೆಕ್ಸಿಕನ್’ ಎಂದು ಬರೆದಿದ್ದರೂ ಆ ವ್ಯಕ್ತಿ ಗಡಿ ದಾಟಿ ಬಂದವರೇ ಆಗಬೇಕಿಲ್ಲ. ಅಮೆರಿಕದಲ್ಲೇ ಹುಟ್ಟಿದವರನ್ನೂ ಆಗ ಹಾಗೆಯೇ ಕರೆಯುತ್ತಿದ್ದರು. ಚಿತ್ರದ ನಡುವೆ ಕಪ್ಪು ಬೊಟ್ಟು ಕಂಡರೆ ಅದು ಸ್ಕ್ಯಾನಿನ ದೋಷವಲ್ಲ. ಈ ಫೋಟೊ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಮೊದಮೊದಲು ಬೇಡವೆನಿಸಿದ ನೆಗೆಟಿವ್‌ಗಳಿಗೆ ತೂತು ಹೊಡೆಸುತ್ತಿದ್ದರು. ಅದನ್ನು ತಿದ್ದಿ ಮುಚ್ಚಬೇಡಿ, ಆ ತೂತೂ ಇತಿಹಾಸವೇ.

ಚಿತ್ರದಲ್ಲಿನ ಕೂಲಿಕಾರರ ಕೈಯಲ್ಲಿರುವ ಸಲಕರಣೆ ನೋಡಿ. ಒಂದು, ಒಂದೂವರೆ ಅಡಿ ಹಿಡಿಯ ಗುದ್ದಲಿಯಾದರೆ ದಿನವಿಡೀ ಸೊಂಟ ಬಗ್ಗಿಸಿಯೇ ದುಡಿಯಬೇಕು. ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿದ್ದು 1975ರಲ್ಲಿ. ಬಾಗಿದ ಬೆನ್ನಿನ ಚಿತ್ರಕ್ಕೆ ಅಡಿಬರಹ ಬರೆಯುವಾಗ ಈ ಮಾತು ಬಿಡಲೇಬಾರದು.

ಇಳಿಸಿಕೊಳ್ಳುವಾಗ ಜೆಪೆಗ್ ಬೇಡ, ಇರುವುದರಲ್ಲೇ ದೊಡ್ಡ ಟಿಫ್ ಕಡತ ತೆಗೆದುಕೊಳ್ಳಿ. ಚಿತ್ರದಲ್ಲಿರುವ ಪೆಟ್ಟಿಗೆಯ ಮೇಲಿನ ಅಕ್ಷರ ಓದಲು ಅದೇ ಬೇಕು. ಬೆಳಕು ತಿದ್ದುವುದಾದರೆ ಪ್ರತಿಯಲ್ಲಿ ತಿದ್ದಿ. ಕಡತದ ಹೆಸರಿನಲ್ಲೇ ನೆಗೆಟಿವ್ ಸಂಖ್ಯೆ ಇರಲಿ. ಮೂಲ ಅಡಿಬರಹ ಒಂದು ಕಡೆ, ನಿಮ್ಮ ಟಿಪ್ಪಣಿ ಇನ್ನೊಂದು ಕಡೆ ಇರಲಿ. ಸರ್ಕಾರಿ ಕೆಲಸವಾದ್ದರಿಂದ ಇವುಗಳನ್ನು ಪ್ರಕಟಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಛಾಯಾಗ್ರಾಹಕರ ಹೆಸರು, ಗ್ರಂಥಾಲಯ, ಸಂಖ್ಯೆ ಮೂರನ್ನೂ ಚಿತ್ರದ ಕೆಳಗೆ ಕೊಡಿ.