ಹಳೇ ಪಾರ್ಕಿಂಗ್ ದಂಡ ಬೆಳೆದು ನಿಂತಾಗ: ಇಂಗ್ಲೆಂಡಿನಲ್ಲಿ ಅದನ್ನು ಮೊದಲ ಹಂತಕ್ಕೆ ತರುವುದು ಹೇಗೆ

ರೆಡಿಂಗ್‌ನಿಂದ ಮಿಲ್ಟನ್ ಕೀನ್ಸ್‌ಗೆ ಮನೆ ಬದಲಿಸಿದವರಿಗೆ, ಎರಡು ತಿಂಗಳು ಮೈಸೂರಿಗೋ ಹುಬ್ಬಳ್ಳಿಗೋ ಹೋಗಿ ಬಂದವರಿಗೆ ಈ ತೊಂದರೆ ಹೆಚ್ಚು. ಎಂದೋ ಒಂದು ದಿನ ಕಾರು ನಿಲ್ಲಿಸಿದ್ದಕ್ಕೆ ಬಿದ್ದ 70 ಪೌಂಡು ದಂಡ ಬೇಲಿಫ್ (ವಾರಂಟ್ ಹಿಡಿದು ಬಾಕಿ ವಸೂಲಿ ಮಾಡುವವರು) ಕಾಗದವಾಗಿ ಮನೆಗೆ ಬರುತ್ತದೆ, ಅವರು ಬಾಗಿಲಿಗೆ ಬಂದ ಹೊತ್ತಿಗೆ ಮೊತ್ತ 400 ದಾಟಿರುತ್ತದೆ. ಆ ಗಳಿಗೆಯಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ‘ನಾನು ನಿಲ್ಲಿಸಿದ್ದು ಸರಿ ಜಾಗದಲ್ಲೇ’ ಎಂದು ಬೇಲಿಫ್ ಜೊತೆ ವಾದಕ್ಕೆ ಇಳಿಯುವುದು. ಆ ವಾದ ಕೇಳುವ ಅಧಿಕಾರ ಬೇಲಿಫ್‌ಗೆ ಇಲ್ಲ. ಈ ಹಂತದಲ್ಲಿ ಕೇಸು ನಿಂತಿರುವುದು ಪಾರ್ಕಿಂಗ್ ಮೇಲಲ್ಲ, ಯಾವ ಕಾಗದ ನಿಮ್ಮ ಕೈ ಸೇರಲಿಲ್ಲ ಎಂಬುದರ ಮೇಲೆ.

ಮೊದಲು ಕಾಗದದ ಮೇಲೆ ಯಾರ ಹೆಸರಿದೆ ನೋಡಿ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕೊಡುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಸೂಪರ್‌ಮಾರ್ಕೆಟ್ ಅಂಗಳದ ಖಾಸಗಿ ಕಂಪನಿ ಕೊಡುವುದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಎರಡನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ, ದಾರಿ ಮಾತ್ರ ಬೇರೆ. ಖಾಸಗಿಯವರ ಪರವಾಗಿ ಕಾಗದ ಬರೆಯುವ ಸಾಲ ವಸೂಲಿ ಸಂಸ್ಥೆಗಳಿಗೆ ಬೇಲಿಫ್ ಅಧಿಕಾರ ಇಲ್ಲ. ಅವರು ಕೌಂಟಿ ಕೋರ್ಟಿನಲ್ಲಿ ದಾವೆ ಹಾಕಿ ಗೆದ್ದರೆ ಮಾತ್ರ ವಸೂಲಿ. ನಿಮಗೆ ತಿಳಿಯದೆಯೇ ಹಾಗೆ ತೀರ್ಪು ಆಗಿದ್ದರೆ ಎನ್244 ಎಂಬ ಕೋರ್ಟ್ ಫಾರಮ್ಮಿನಲ್ಲಿ ಅರ್ಜಿ ಹಾಕಿ ಅದನ್ನು ತೆಗೆಸಬೇಕು. ಅದಕ್ಕೆ 300 ಪೌಂಡಿನ ಆಸುಪಾಸು ಶುಲ್ಕವಿದೆ. ಇಲ್ಲಿ ಮುಂದೆ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌನ್ಸಿಲ್ ದಂಡದ ಬಗ್ಗೆ.

ಮೊತ್ತ ಹೇಗೆ ಏರುತ್ತದೆ

ಲಂಡನ್ ಹೊರಗಿನ 70 ಪೌಂಡಿನ ದಂಡ ತೆಗೆದುಕೊಳ್ಳಿ. 14 ದಿನದೊಳಗೆ ಕಟ್ಟಿದರೆ 35. ಕಟ್ಟದಿದ್ದರೆ 28 ದಿನದ ಮೇಲೆ ಕಾರಿನ ನೋಂದಾಯಿತ ವಿಳಾಸಕ್ಕೆ ‘ನೋಟಿಸ್ ಟು ಓನರ್’ ಬರುತ್ತದೆ. ಅದಕ್ಕೆ ಉತ್ತರಿಸಲು 28 ದಿನ. ಸುಮ್ಮನಿದ್ದರೆ ‘ಚಾರ್ಜ್ ಸರ್ಟಿಫಿಕೇಟ್’: ಅರ್ಧದಷ್ಟು ಸೇರಿ 105. ಆಮೇಲೆ ನಾರ್ಥಾಂಪ್ಟನ್‌ನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್ ಎಂಬ ಕೋರ್ಟ್ ಕಚೇರಿಯಲ್ಲಿ ಬಾಕಿಯ ನೋಂದಣಿ, 10 ಪೌಂಡಿನಷ್ಟು ಶುಲ್ಕ ಸೇರಿ ‘ಆರ್ಡರ್ ಫಾರ್ ರಿಕವರಿ’. ಅದಕ್ಕೂ ಉತ್ತರವಿಲ್ಲದಿದ್ದರೆ ವಾರಂಟ್. ಬೇಲಿಫ್ ಶುಲ್ಕ 2014ರಲ್ಲಿ ನಿಗದಿಯಾದ ದರದಂತೆ ಮೊದಲ ಕಾಗದಕ್ಕೆ 75, ಮನೆ ಬಾಗಿಲಿಗೆ ಬಂದರೆ 235, ವಸ್ತು ಎತ್ತಿಕೊಂಡು ಹೋಗಿ ಮಾರುವ ಹಂತಕ್ಕೆ 110. ಹೀಗೆ 70 ಇದ್ದದ್ದು ಮೊದಲ ಭೇಟಿಯ ಹೊತ್ತಿಗೆ 425 ಆಗುತ್ತದೆ. 2025ರ ಏಪ್ರಿಲ್‌ನಿಂದ ಲಂಡನ್ನಿನಲ್ಲಿ ಗರಿಷ್ಠ ದಂಡವೇ 160 ಆಗಿದೆ, ಅಲ್ಲಿಂದ ಏರಿದರೆ 550 ದಾಟುತ್ತದೆ. ಕೈಲಿರುವ ಕಾಗದದ ಪ್ರತಿ ಸಾಲನ್ನೂ ಈ ಮೆಟ್ಟಿಲುಗಳಿಗೆ ಹೋಲಿಸಿ ನೋಡಿ. ಮನೆಗೆ ಯಾರೂ ಬರದೆ 235 ಹಾಕಿದ್ದರೆ ಅದನ್ನು ಬರಹದಲ್ಲೇ ಪ್ರಶ್ನಿಸಿ.

ವಿಳಾಸದ ಎಡವಟ್ಟು

ಮನೆ ಬದಲಿಸಿದಾಗ ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಿಸುತ್ತಾರೆ, ಕಾರಿನ ನೋಂದಣಿ ಪತ್ರವಾದ ಲಾಗ್‌ಬುಕ್ ಅಂದರೆ ವಿ5ಸಿ ಮರೆತುಬಿಡುತ್ತಾರೆ. ಲೈಸೆನ್ಸ್, ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಯಲ್ಲಿ ಇವೆರಡೂ ಬೇರೆ ಬೇರೆ ದಾಖಲೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಕೌನ್ಸಿಲ್ ನೋಡುವುದು ವಿ5ಸಿಯ ವಿಳಾಸವನ್ನು ಮಾತ್ರ. ಮೊದಲು ಅದನ್ನು ಸರಿಪಡಿಸಿ, ಇಲ್ಲವಾದರೆ ಈಗ ಗೆದ್ದರೂ ಮುಂದಿನ ನೋಟಿಸ್ ಮತ್ತೆ ಹಳೇ ಮನೆಗೇ ಹೋಗುತ್ತದೆ. ವಿಳಾಸ ಬದಲಿಸದಿರುವುದು ಸ್ವತಃ 1,000 ಪೌಂಡಿನವರೆಗೆ ದಂಡವಾಗಬಲ್ಲ ತಪ್ಪು, ಮತ್ತು ‘ಇವರೇ ವಿಳಾಸ ಬದಲಿಸಲಿಲ್ಲ’ ಎಂಬುದೇ ನಿಮ್ಮ ಅರ್ಜಿಗೆ ಕೌನ್ಸಿಲ್ ಎತ್ತುವ ಸಾಮಾನ್ಯ ಆಕ್ಷೇಪ. ಬದಲಿಸಿದ ದಿನಾಂಕಕ್ಕೆ ದಾಖಲೆ ಇದ್ದರೆ ಜೋಪಾನವಾಗಿ ತೆಗೆದಿಡಿ.

ಟಿಇ9 ಮತ್ತು ಟಿಇ7

ಆರ್ಡರ್ ಫಾರ್ ರಿಕವರಿ ಜಾರಿಯಾಗಿ 21 ದಿನ ಆಗಿಲ್ಲವೆಂದರೆ ಟಿಇ9 ಎಂಬ ಫಾರಂ ಒಂದೇ ಸಾಕು, ಅದು ಆ ಆರ್ಡರ್ ಏಕೆ ನಿಲ್ಲದು ಎಂದು ಹೇಳುವ ನಿಮ್ಮ ಹೇಳಿಕೆ. ದಾಟಿದ್ದರೆ ಟಿಇ7 ಕೂಡ ಬೇಕು, ಅದು ‘ತಡವಾಗಿ ಸಲ್ಲಿಸಲು ಅನುಮತಿ ಕೊಡಿ’ ಎಂಬ ಅರ್ಜಿ. ಎರಡಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಲಂಡನ್ನಿನ ನಡುಭಾಗಕ್ಕೆ ಕಾರು ತರಲು ಕಟ್ಟುವ ಕಂಜೆಶನ್ ಚಾರ್ಜ್‌ನಂಥವಕ್ಕೆ ಪಿಇ2, ಪಿಇ3 ಎಂಬ ಬೇರೆ ಫಾರಂಗಳಿವೆ. ಪಿಇ3ಕ್ಕೆ ಸಾಲಿಸಿಟರ್ ಅಥವಾ ಕೋರ್ಟ್ ಅಧಿಕಾರಿಯ ಮುಂದೆ ಪ್ರಮಾಣ ಮಾಡಬೇಕು. ತಪ್ಪು ಫಾರಂ ಕಳಿಸಿದರೆ ದಿನಗಳು ಸುಮ್ಮನೆ ಕಳೆದುಹೋಗುತ್ತವೆ.

ಟಿಇ9ರಲ್ಲಿ ನಾಲ್ಕೇ ಕಾರಣ, ಒಂದನ್ನು ಮಾತ್ರ ಆರಿಸಬೇಕು: ಒಂದು, ನೋಟಿಸ್ ಟು ಓನರ್ ನನಗೆ ತಲುಪಲಿಲ್ಲ; ಎರಡು, ಅದಕ್ಕೆ 28 ದಿನದೊಳಗೆ ಆಕ್ಷೇಪ ಸಲ್ಲಿಸಿದ್ದೆ, ಆದರೆ ತಿರಸ್ಕಾರದ ಉತ್ತರ ಬರಲಿಲ್ಲ; ಮೂರು, ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕಿದ್ದೆ, ಆದರೆ ಉತ್ತರ ಬರಲಿಲ್ಲ; ನಾಲ್ಕು, ದಂಡ ಪೂರ್ತಿ ಕಟ್ಟಿದ್ದೇನೆ. ಕಾರು ನಿಲ್ಲಿಸಿದ ಸನ್ನಿವೇಶದ ಕಥೆಗೆ ಇಲ್ಲಿ ಜಾಗವಿಲ್ಲ.

ಎರಡನೇ ಕಾರಣದಲ್ಲಿ ಅನೇಕರು ಜಾರಿಬೀಳುತ್ತಾರೆ. ಟಿಕೆಟ್ ಸಿಕ್ಕ ವಾರದಲ್ಲೇ ಕಳಿಸಿದ ಮೊದಲ ಇಮೇಲ್ ಅನೌಪಚಾರಿಕ ಆಕ್ಷೇಪ ಅಷ್ಟೇ. ಅದನ್ನು ತಿರಸ್ಕರಿಸಿದ ಮೇಲೆ ನೋಟಿಸ್ ಟು ಓನರ್ ಬಂದಾಗ ಮತ್ತೊಮ್ಮೆ ಆಕ್ಷೇಪ ಹಾಕಿದ್ದರೆ ಮಾತ್ರ ಈ ಕಾರಣ ನಿಲ್ಲುತ್ತದೆ. ‘ಆಗಲೇ ಬರೆದಿದ್ದೆನಲ್ಲ’ ಎಂದು ಗುರುತು ಹಾಕಿದರೆ ಕೌನ್ಸಿಲ್ ತನ್ನ ಕಡತ ತೋರಿಸುತ್ತದೆ, ಅರ್ಜಿ ಬಿದ್ದುಹೋಗುತ್ತದೆ. ಫಾರಮ್ಮಿನ ಕೆಳಗೆ ಸಹಿ ಹಾಕುವುದು ಸತ್ಯದ ಹೇಳಿಕೆಗೆ. ಗೊತ್ತಿದ್ದೂ ಸುಳ್ಳು ಬರೆದರೆ ನ್ಯಾಯಾಂಗ ನಿಂದನೆಯ ಕ್ರಮ ಎದುರಿಸಬೇಕಾದೀತು.

ಟಿಇ7ರಲ್ಲಿ ಹೇಳಬೇಕಾದದ್ದು ಒಂದೇ: 21 ದಿನದೊಳಗೆ ಏಕೆ ಉತ್ತರಿಸಲಾಗಲಿಲ್ಲ. ಫಾರಂ ತುಂಬುವುದು ಇಂಗ್ಲಿಷಿನಲ್ಲಿ, ಆದರೆ ಬರೆಯುವ ಧಾಟಿ ಹೀಗಿರಲಿ: ‘ಮಾರ್ಚ್ 2ರಂದು ಹಳೇ ಮನೆ ಖಾಲಿ ಮಾಡಿದೆ. ಮಾರ್ಚ್ 5ರಂದು ವಿ5ಸಿ ಬದಲಾವಣೆ ಕಳಿಸಿದೆ. ಆರ್ಡರ್ ಫಾರ್ ರಿಕವರಿ ಜೂನ್‌ನಲ್ಲಿ ಹಳೇ ವಿಳಾಸಕ್ಕೆ ಹೋಗಿದೆ. ಆಗಸ್ಟ್ 19ರಂದು ಬೇಲಿಫ್ ಕಾಗದ ಬಂದಾಗಲೇ ವಿಷಯ ಮೊದಲು ತಿಳಿದದ್ದು. ಆಗಸ್ಟ್ 20ರಂದು ಈ ಅರ್ಜಿ ಸಲ್ಲಿಸುತ್ತಿದ್ದೇನೆ.’ ಐದು ವಾಕ್ಯ, ಐದರಲ್ಲೂ ದಿನಾಂಕ ಅಥವಾ ತಿಂಗಳು. ‘ನಾನು ಪ್ರಾಮಾಣಿಕ, ಕುಟುಂಬಕ್ಕೆ ಕಷ್ಟ’ ಎಂಬುದು ನಿಜವೇ ಇರಬಹುದು, ಆದರೆ ತಡಕ್ಕೆ ಅದು ಕಾರಣವಾಗುವುದಿಲ್ಲ. ಬಾಡಿಗೆ ಕರಾರು, ಕೌನ್ಸಿಲ್ ಟ್ಯಾಕ್ಸ್ ಬಿಲ್, ಊರಿಗೆ ಹೋಗಿದ್ದರೆ ಬೋರ್ಡಿಂಗ್ ಪಾಸ್ ಅಥವಾ ಪಾಸ್‌ಪೋರ್ಟಿನ ಮುದ್ರೆಯ ಚಿತ್ರ ಲಗತ್ತಿಸಿ. ಪಿಸಿಎನ್ ಸಂಖ್ಯೆ ಮತ್ತು ಕಾರಿನ ನೋಂದಣಿ ಸಂಖ್ಯೆಯನ್ನು ಎರಡು ಸಲ ತಾಳೆ ನೋಡಿ. ಎರಡು ದಂಡ ಇದ್ದರೆ ಪ್ರತಿಯೊಂದಕ್ಕೂ ಬೇರೆ ಜೋಡಿ ಫಾರಂ.

ಫಾರಂಗಳನ್ನು ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್‌ಗೆ ಇಮೇಲ್‌ನಲ್ಲಿ ಕಳಿಸುವುದು ಒಳ್ಳೆಯದು, ದಿನಾಂಕಕ್ಕೆ ಸಾಕ್ಷಿ ಉಳಿಯುತ್ತದೆ. ಬೇಲಿಫ್‌ನ ಮೊದಲ ಕಾಗದದಿಂದ ಭೇಟಿಯವರೆಗೆ ಪೂರ್ಣ 7 ದಿನ ಬಿಡಬೇಕು, ಆ ಏಳು ದಿನದೊಳಗೆ ಅರ್ಜಿ ಹೋದರೆ 235 ಪೌಂಡು ಬೀಳುವ ಮೊದಲೇ ತಡೆದಂತೆ. ಅರ್ಜಿ ಪರಿಶೀಲನೆಯಲ್ಲಿರುವಾಗ ವಸೂಲಿ ನಿಲ್ಲಿಸಬೇಕು, ಆದರೆ ಸುದ್ದಿ ಬೇಲಿಫ್‌ಗೆ ಮುಟ್ಟಲು ದಿನ ಹಿಡಿಯುತ್ತದೆ. ಹಾಗಾಗಿ ಅರ್ಜಿಯ ಪ್ರತಿಯನ್ನು ಬೇಲಿಫ್ ಸಂಸ್ಥೆಗೂ ಕೌನ್ಸಿಲ್‌ನ ಪಾರ್ಕಿಂಗ್ ವಿಭಾಗಕ್ಕೂ ನೀವೇ ಕಳಿಸಿ. ಕೌನ್ಸಿಲ್‌ಗೆ ಯಾವ ಹಂತದಲ್ಲೂ ದಂಡ ರದ್ದು ಮಾಡುವ ಅಧಿಕಾರವಿದೆ, ಸಾಕ್ಷ್ಯ ಗಟ್ಟಿ ಇದ್ದರೆ ಕೇಳುವುದರಲ್ಲಿ ನಷ್ಟವಿಲ್ಲ. ಬೇಲಿಫ್ ಬಂದೇಬಿಟ್ಟರೆ ಬಾಗಿಲು ತೆಗೆಯಬೇಕಿಲ್ಲ, ಕಿಟಕಿಯಿಂದ ಮಾತಾಡಿ. ಪಾರ್ಕಿಂಗ್ ಸಾಲಕ್ಕೆ ಬಾಗಿಲು ಒಡೆದು ಮನೆಯೊಳಗೆ ಬರುವಂತಿಲ್ಲ, ಆದರೆ ಹೊರಗೆ ನಿಂತ ಕಾರಿಗೆ ಕ್ಲ್ಯಾಂಪ್ ಹಾಕಬಲ್ಲರು.

ಒಪ್ಪಿದ ಮೇಲೆ

ಅರ್ಜಿ ಒಪ್ಪಿದರೆ ಆರ್ಡರ್ ಮತ್ತು ಚಾರ್ಜ್ ಸರ್ಟಿಫಿಕೇಟ್ ಎರಡೂ ರದ್ದು, ಬೇಲಿಫ್ ಶುಲ್ಕವೂ ಅದರೊಂದಿಗೆ ಹೋಗುತ್ತದೆ. ಮೂಲ ದಂಡ ಮಾತ್ರ ಹಾಗೇ ಉಳಿಯುತ್ತದೆ. ಕೇಸು ಮುಗಿಯಿತೆಂದು ಫೈಲ್ ಎಸೆದವರು ಎರಡನೇ ಸಲವೂ ಅದೇ ಗುಂಡಿಗೆ ಬಿದ್ದದ್ದುಂಟು. ‘ತಲುಪಲಿಲ್ಲ’ ಎಂಬ ಕಾರಣವಾದರೆ ಕೌನ್ಸಿಲ್ ಹೊಸ ನೋಟಿಸ್ ಟು ಓನರ್ ಕಳಿಸಬಹುದು. ಅರ್ಜಿ ತಿರಸ್ಕಾರವಾದರೆ 14 ದಿನದೊಳಗೆ ಎನ್244 ಹಾಕಿ ನ್ಯಾಯಾಧೀಶರಿಂದ ಮರುಪರಿಶೀಲನೆ ಕೇಳಬಹುದು. ಅದಕ್ಕೆ ಶುಲ್ಕವಿದೆ, ಆದಾಯ ಕಡಿಮೆ ಇದ್ದವರು ಶುಲ್ಕ ವಿನಾಯಿತಿಗೂ ಕೇಳಿಕೊಳ್ಳಬಹುದು.

ಹೊಸ ನೋಟಿಸ್ ಬಂದಾಗ, ಈಗ ಪಾರ್ಕಿಂಗ್ ವಾದಕ್ಕೆ ಸಮಯ. ಯಾವ ತಪ್ಪಿಗೆ ದಂಡ ಎಂದು ಹೇಳುವ ಕೋಡ್ ನೋಡಿ: 05 ಎಂದರೆ ದುಡ್ಡು ಕಟ್ಟಿದ ಅವಧಿ ಮೀರಿ ನಿಂತಿದ್ದು, 12 ಎಂದರೆ ಪರ್ಮಿಟ್ ಇಲ್ಲದೆ ನಿವಾಸಿಗಳ ಜಾಗದಲ್ಲಿ ನಿಂತಿದ್ದು, 01 ಎಂದರೆ ನಿರ್ಬಂಧಿತ ಬೀದಿ. ಇಂಗ್ಲೆಂಡಿನಲ್ಲಿ 2015ರಿಂದ ಕೌನ್ಸಿಲ್‌ನ ಪಾರ್ಕಿಂಗ್ ಜಾಗಗಳಲ್ಲಿ ಅವಧಿ ಮುಗಿದ ಮೇಲೆ 10 ನಿಮಿಷದ ರಿಯಾಯಿತಿ ಇದೆ. ಅಧಿಕಾರಿ ತೆಗೆದ ಫೋಟೋಗಳ ಸಮಯವನ್ನು ನಿಮ್ಮ ಟಿಕೆಟ್ ಅಥವಾ ಆ್ಯಪ್ ರಸೀದಿಯ ಜೊತೆ ಹೋಲಿಸಿ ನೋಡಿ. ಹಳೇ ಕೇಸಾದ್ದರಿಂದ ಬೋರ್ಡು ಆಗ ಹೇಗಿತ್ತು ಎಂಬುದಕ್ಕೆ ಗೂಗಲ್ ಸ್ಟ್ರೀಟ್ ವ್ಯೂನ ಹಿಂದಿನ ವರ್ಷಗಳ ಚಿತ್ರ ನೆರವಾಗುತ್ತದೆ, ಚಿತ್ರದ ತಿಂಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಆಕ್ಷೇಪಕ್ಕೆ ಕೌನ್ಸಿಲ್ 56 ದಿನದೊಳಗೆ ಉತ್ತರಿಸಬೇಕು. ತಿರಸ್ಕರಿಸಿದರೆ 28 ದಿನದೊಳಗೆ ಟ್ರಿಬ್ಯೂನಲ್: ಲಂಡನ್ನಿಗೆ ಲಂಡನ್ ಟ್ರಿಬ್ಯೂನಲ್ಸ್, ಉಳಿದ ಕಡೆಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್. ಎರಡೂ ಉಚಿತ, ಕೌನ್ಸಿಲ್‌ನಿಂದ ಸ್ವತಂತ್ರ. ಅಲ್ಲಿ ಸೋತರೆ ತೀರ್ಪಿನಲ್ಲಿ ಹೇಳಿದ 28 ದಿನದೊಳಗೆ ಮೂಲ ಮೊತ್ತ ಕಟ್ಟಿಬಿಡಿ, ಆ ದಿನ ದಾಟಿದರೆ ಮತ್ತೆ ಚಾರ್ಜ್ ಸರ್ಟಿಫಿಕೇಟ್ ಬರುತ್ತದೆ.