ಡಯಾಲಿಸಿಸ್ ಆದ ಮಾರನೇ ದಿನ

ಮನೆಗೇ ಹೋಗಿ ಫಿಸಿಯೋಥೆರಪಿ ಮಾಡಲು ಶುರು ಮಾಡಿದ ಹೊಸತರಲ್ಲಿ ಒಬ್ಬ ಅಜ್ಜನ ಕೇಸ್ ಬಂತು. ವಯಸ್ಸು 68. ಲಕ್ವ ಹೊಡೆದು ಎಡಗಡೆ ಸ್ವಾಧೀನ ಕಮ್ಮಿ. ಜೊತೆಗೆ ಶುಗರ್, ಬಿಪಿ, ವಾರಕ್ಕೆ 3 ಸಲ ಡಯಾಲಿಸಿಸ್. "ಬಚ್ಚಲ ತನಕ ನಡೆಯೋ ಹಾಗೆ ಮಾಡಿ ಮೇಡಂ, ಸಾಕು" ಅಂದಿದ್ದರು.

ಮೊದಲ ದಿನ ಸಂಜೆ ಹೋದೆ. ಅವರು ಮಧ್ಯಾಹ್ನವಷ್ಟೇ ಡಯಾಲಿಸಿಸ್ ಮುಗಿಸಿ ಬಂದಿದ್ದರು, ನಾನು ಕೇಳಲೇ ಇಲ್ಲ. ಮಂಚದಿಂದ ಎಬ್ಬಿಸಿ ನಿಲ್ಲಿಸಿದೆ. ಅರ್ಧ ನಿಮಿಷ ಆಗಿರಬೇಕು, ಮುಖ ಬಿಳಿಚಿಕೊಂಡಿತು, ಇಡೀ ಭಾರ ನನ್ನ ಮೇಲೆ ಬಂತು. ಹೇಗೋ ಮಲಗಿಸಿ ಕಾಲು ಎತ್ತರಕ್ಕಿಟ್ಟೆ. ಮೇಲಿನ ಬಿಪಿ 84. ಡಯಾಲಿಸಿಸ್‌ನಲ್ಲಿ ಅಷ್ಟು ನೀರು ತೆಗೆದ ಮೈ, ಎದ್ದು ನಿಂತರೆ ಬಿಪಿ ಇಳಿಯುತ್ತೆ ಅಲ್ವಾ? ಪರೀಕ್ಷೆಗೆ ಓದಿದ್ದೆ, ಪರೀಕ್ಷೆ ಹಾಲ್‌ನಲ್ಲೇ ಬಿಟ್ಟು ಬಂದಿದ್ದೆ.

ಅಲ್ಲಿಂದ ಡಯಾಲಿಸಿಸ್ ಇಲ್ಲದ ದಿನ, ತಿಂಡಿ ಆಗಿ ಒಂದು ಗಂಟೆ ಬಿಟ್ಟು ಹೋಗತೊಡಗಿದೆ. ಮೊದಲು ಶುಗರ್. ಇನ್ಸುಲಿನ್ ತಗೊಳ್ಳುವವರು, 100ರ ಕೆಳಗಿದ್ದರೆ ಬಿಸ್ಕತ್ತು ತಿನ್ನಿಸಿ, ಮತ್ತೆ ನೋಡಿಯೇ ವ್ಯಾಯಾಮ. ಆಮೇಲೆ ಬಿಪಿ: ಮಲಗಿದಾಗ, ಕೂತಾಗ, ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ. ಮೇಲಿನದು 20 ಇಳಿದರೆ ಅವತ್ತು ನಡಿಗೆ ಇಲ್ಲ, ಕೂತೇ ಕಾಲಾಡಿಸೋದು. ಅವರ ಮಾತ್ರೆಗಳಲ್ಲಿ ಒಂದು ನಾಡಿಯನ್ನು ಏರಲು ಬಿಡದ ಜಾತಿಯದು. ಹಾಗಾಗಿ ನಾಡಿ ಎಣಿಸಿ ಆಯಾಸ ಅಳೆಯೋ ಹಾಗಿಲ್ಲ. ಸುಮ್ನೆ ಅಡಿಕೆ ರೇಟು ಕೇಳುತ್ತಿದ್ದೆ. ಮಾತು ಮಧ್ಯದಲ್ಲಿ ತುಂಡಾದರೆ ಕೂರಿಸುತ್ತಿದ್ದೆ.

ಜಾಸ್ತಿ ಕಷ್ಟವಾಗಿದ್ದು ಆ ಎಡಗೈ. ಅಜ್ಜಿ ಅದನ್ನೇ ಹಿಡಿದು ಎಳೆದು ಎಬ್ಬಿಸುತ್ತಿದ್ದರು. ಲಕ್ವ ಹೊಡೆದ ಭುಜ ಸಡಿಲ, ಎಳೆದರೆ ಕೀಲು ಜಾರುತ್ತೆ. ಡಯಾಲಿಸಿಸ್‌ನ ಫಿಸ್ಟುಲಾ, ಅಂದರೆ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ, ಇದ್ದದ್ದೂ ಅದೇ ಕೈಯಲ್ಲಿ. ಬಿಪಿ ಪಟ್ಟಿಯನ್ನೂ ಅದಕ್ಕೆ ಕಟ್ಟಬಾರದು. ಅಜ್ಜನ ಹಳೇ ಪಂಚೆಯನ್ನೇ ಮಡಿಸಿ ಸೊಂಟಕ್ಕೆ ಬಿಗಿದೆ. "ಅಮ್ಮ, ಕೈ ಬಿಡಿ, ಇದನ್ನ ಹಿಡ್ಕೊಳ್ಳಿ" ಅಂದೆ. ಮಂಚ ತಗ್ಗು, ಏಳಲು ಕಷ್ಟ. ಎರಡು ಪ್ಲಾಸ್ಟಿಕ್ ಕುರ್ಚಿ ಒಂದರೊಳಗೊಂದು ಕೂರಿಸಿ, ಗೋಡೆಗೆ ತಾಗಿಸಿಟ್ಟೆವು. ಆ ಎತ್ತರದಿಂದ ದಿನಕ್ಕೆ 5 ಸಲ ಏಳೋದು, ಕೂರೋದು. ಆಮೇಲೆ 8.

ಈಗ ನೋಡುತ್ತಿರುವ 4 ವರ್ಷದ ಹುಡುಗಿಗೂ ಇದೇ ಲೆಕ್ಕ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ), ಜೊತೆಗೆ ಫಿಟ್ಸ್. ಮಾತ್ರೆ ಹಾಕಿದರೆ ತೂಕಡಿಕೆ, ಹಾಲು ಕುಡಿದ ಕೂಡಲೇ ಮಲಗಿಸಿದರೆ ವಾಂತಿ. ನಡುವೆ ನನಗೆ ಸಿಗೋದು ಮುಕ್ಕಾಲು ಗಂಟೆ.

ಏಳನೇ ವಾರ ಅಜ್ಜ ನಾಲ್ಕು ಕಾಲಿನ ಕೋಲು ಹಿಡಿದು ಬಚ್ಚಲಿಗೆ ಹೋದರು. 14 ಹೆಜ್ಜೆ. ಹೊಸ್ತಿಲ ಹತ್ತಿರ ಮಾತ್ರ ಅಜ್ಜಿ ಪಂಚೆ ಹಿಡಿದುಕೊಂಡರು.