ಪ್ರಿಪರೇಟರಿ ಉತ್ತರ ಪತ್ರಿಕೆ ಮನೆಗೆ ಬಂದಾಗ ಹೀಗೆ ಮಾಡಿ

ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದೋ ಮಗು ಇದ್ದರೆ ನಾವು ಮೊದಲು ಕೇಳೋದು "ಎಷ್ಟು ಬಂತು?", ಆಮೇಲೆ "ಕ್ಲಾಸಲ್ಲಿ ಹೈಯೆಸ್ಟ್ ಎಷ್ಟು?" ಪ್ರಿಪರೇಟರಿಯ, ಅಂದರೆ ಮುಖ್ಯ ಪರೀಕ್ಷೆಗೆ ಮುಂಚೆ ನಡೆಯೋ ತಯಾರಿ ಪರೀಕ್ಷೆಯ, ಉತ್ತರ ಪತ್ರಿಕೆ ಬಂದ ದಿನ ಮಾತ್ರ ಇವೆರಡನ್ನೂ ಕೇಳಬೇಡಿ. ಬೈಗುಳವೋ ಹೊಗಳಿಕೆಯೋ ಸಿಕ್ಕಿದ ಕೂಡಲೇ ಪತ್ರಿಕೆ ಬ್ಯಾಗ್ ಸೇರುತ್ತೆ. ಒಳಗೆ ಏನು ತಪ್ಪಾಗಿದೆ ಅಂತ ಯಾರೂ ನೋಡಲ್ಲ.

ಪಕ್ಕದಲ್ಲಿ ಕೂತು ತಪ್ಪಾದ ಒಂದೇ ಒಂದು ಲೆಕ್ಕ ತೆಗೆಸಿ. ಉದಾಹರಣೆಗೆ ಸಮಾಂತರ ಶ್ರೇಢಿ: 3, 7, 11 ಹೀಗೆ ಹೋದರೆ 10ನೇ ಪದ ಯಾವುದು? ಮಗು 43 ಅಂತ ಬರೆದಿದೆ, ಮೇಲೊಂದು ಕೆಂಪು ಗೀಟು. ಸೂತ್ರ ಮತ್ತೆ ಉರು ಹೊಡೆಸಬೇಡಿ. 2ನೇ ಪದಕ್ಕೆ ಬರೋಕೆ ಎಷ್ಟು ಸಲ 4 ಕೂಡಿಸಿದೆ ಅಂತ ಕೇಳಿ. ಒಂದು ಸಲ. 3ನೇದಕ್ಕೆ ಎರಡು ಸಲ. ಹಾಗಾದರೆ 10ನೇದಕ್ಕೆ ಒಂಬತ್ತು ಸಲ, ಉತ್ತರ 39. ಎಲ್ಲಿ ಎಡವಿದ್ದು ಅಂತ ಮಗುವಿಗೇ ಗೊತ್ತಾಗುತ್ತೆ. ನಾಲ್ಕೈದು ದಿನ ಬಿಟ್ಟು 5, 11, 17ರ 12ನೇ ಪದ ಕೇಳಿ. 71 ಅಂದರೆ ಸರಿ, 77 ಅಂದರೆ ಇನ್ನೊಮ್ಮೆ ಕೂತು ಬರೆಸಿ.

ಶಿಕ್ಷಕರಿಗೂ ಒಂದು ಮಾತು. ರೂತ್ ಬಟ್ಲರ್ ಅನ್ನೋ ಸಂಶೋಧಕಿ 1988ರಲ್ಲಿ ಇಸ್ರೇಲ್ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅಂಕ ಇಲ್ಲದೆ, ತಮ್ಮ ಕೆಲಸದ ಬಗ್ಗೆ ಬರೀ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿಯೂ ಉಳಿಯಿತು, ಕೆಲಸವೂ ಸುಧಾರಿಸಿತು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಹಾಗಾಗಿ ಕಿರುಪರೀಕ್ಷೆಗಳಲ್ಲಾದರೂ ಮೊದಲು "ಇಲ್ಲಿ ಹಂತ ಬಿಟ್ಟಿದ್ದೀಯ, ನೋಡು" ಅಂತ ಬರೆದು ಕೊಡಿ, ಅಂಕ ಎರಡು ದಿನ ತಡವಾಗಿ ಹೇಳಿ. ಅಂಕಗಳನ್ನು ಕ್ಲಾಸಲ್ಲಿ ಜೋರಾಗಿ ಓದಬೇಡಿ. ಕಡಿಮೆ ಬಂದ ಮಗು ಮಾರನೇ ದಿನದಿಂದ ಡೌಟ್ ಕೇಳೋದನ್ನೇ ನಿಲ್ಲಿಸಿಬಿಡುತ್ತೆ, ಕೇಳಬೇಕಾದದ್ದು ಜಾಸ್ತಿ ಇರೋದೂ ಆ ಮಗುವಿಗೇ ಅಲ್ವಾ?

ಪೋಷಕರು ಶಾಲೆಗೆ ಹೋದಾಗ ದೂರು ಹಿಡಿದುಕೊಂಡು ಹೋಗಬೇಡಿ. ಶಾಲೆಯ ರಿಸಲ್ಟ್ ಎಷ್ಟು ಪರ್ಸೆಂಟ್ ಅಂತ ಶಿಕ್ಷಕರನ್ನೂ ಮೇಲಿನವರು ಕೇಳುತ್ತಾರೆ. ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಬೇಕಾದಷ್ಟೇ ಪಾಠ), ಇಂಪಾರ್ಟೆಂಟ್ ಪ್ರಶ್ನೆಗಳು ಅಂತ ಪಾಠ ಕುಗ್ಗೋದಕ್ಕೆ ಅದೂ ಒಂದು ಕಾರಣ. "ಸರ್, ಇವಳು ಕ್ಲಾಸಲ್ಲಿ ಪ್ರಶ್ನೆ ಕೇಳ್ತಾಳಾ? ಯಾವ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ?" ಅಂತ ಕೇಳಿ. 100 ಅಂಕದ ವಿಷಯದಲ್ಲಿ 20 ಆಂತರಿಕ ಅಂಕ ಶಾಲೆಯ ಕೈಲೇ ಇರೋದರಿಂದ ಎದುರು ಮಾತಾಡೋಕೆ ಮಕ್ಕಳು ಹೆದರುತ್ತಾರೆ, ಆ ಮಾತು ನೀವೇ ಆಡಬೇಕು.

ಈಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಇದನ್ನು ಮೊದಲ ಪರೀಕ್ಷೆಗೆ ಮುಂಚೆಯೇ ಸಮಾಧಾನವಾಗಿ ಹೇಳಿ. ಫಲಿತಾಂಶದ ದಿನ ನೆಂಟರ ಫೋನ್ ಬಂದರೆ ಮಗುವಿನ ಕೈಗೆ ಕೊಡದೆ ನೀವೇ ಮಾತಾಡಿ.